ಉಂಗುರ ನೂರ ಹನ್ನೆರಡು

"ಇನ್ನೊಂದು ಸಲ," ಎಂದಳು ಗಾಜಿನಾಚೆಯಿಂದ ಲೇಡಾ.

ದೀಪ ಆರಿತು. ಪರದೆಯ ಮೇಲೆ ಮತ್ತೆ ಅದೇ ಕಿಟಕಿ, ಗಾಜಿಗೆ ಹಣೆಯೊತ್ತಿ ನಿಂತ ಅದೇ ಗಂಡಸು. ಆ ಗಂಡಸು ನೇವಿಯೊನೇ. ಆರು ವರ್ಷ ಜೈಲಿನಲ್ಲಿದ್ದು ಪೋ ನದಿಯ ದಡದ ಮನೆಗೆ ಮರಳಿದ ದೋಣಿಯವನ ವೇಷ; ಒಳಗಿರುವ ತಾಯಿ ಬಾಗಿಲು ತೆಗೆಯುತ್ತಿಲ್ಲ. ಪರದೆಯವನ ಬಾಯಿ ಸದ್ದಿಲ್ಲದೆ ಅಲ್ಲಾಡಿತು. ಇತ್ತ ಕೋಣೆಯಲ್ಲಿ ನೇವಿಯೊ ಮೈಕಿನ ಮುಂದೆ ನಿಂತು ಹಾಳೆಯಲ್ಲಿದ್ದುದನ್ನು ಹೇಳಿದ.

"ಕದ ತೆಗಿ. ಎಷ್ಟು ಹೊತ್ತಿಂದ ಇಲ್ಲೇ ಕಾಯ್ತಾ ಇದೀನಿ, ಕಾಣ್ತಾ ಇಲ್ವಾ ನಿಂಗೆ."

ಮಾತು ಮುಗಿಯಿತು, ಪರದೆಯವನ ಬಾಯಿ ಮಾತ್ರ ಇನ್ನೂ ಆಡುತ್ತಲೇ ಇತ್ತು. ಪಕ್ಕದ ಕುರ್ಚಿಯಲ್ಲಿ ಕುಳಿತು ತುಟಿಗೂ ಮಾತಿಗೂ ಕೂಡಿತೋ ಇಲ್ಲವೋ ಎಂದು ನೋಡುವ ವಾಂಡಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ತಲೆಯಾಡಿಸಿದಳು.

"ಆಗ್ಲಿಲ್ಲ ಸಿನ್ಯೋರಾ. ಇವ್ರು ಮುಗಿಸಿದ್ಮೇಲೂ ಬಾಯಿ ಓಡ್ತಾ ಇದೆ. ನಡುವೆ ತುಟಿ ಬೇರೆ ಮುಚ್ಕೊಳ್ಳತ್ತೆ."

ಫಿಲ್ಮಿನ ತುಂಡನ್ನು ತುದಿಗೆ ತುದಿ ಅಂಟಿಸಿ ಯಂತ್ರಕ್ಕೆ ಹಾಕಿದರೆ ಅದು ಮುಗಿದ ಕೂಡಲೇ ಮತ್ತೆ ಮೊದಲಾಗುತ್ತದೆ. ಧ್ವನಿ ಕೂಡಿಸುವವರು ಅದನ್ನು ಉಂಗುರ ಎನ್ನುತ್ತಾರೆ. ಇದು ನೂರ ಹನ್ನೆರಡನೆಯದು. ನೇವಿಯೊನ ಪಾಲಿನ ಮಿಕ್ಕೆಲ್ಲ ಉಂಗುರಗಳು ಎರಡು ದಿನದಲ್ಲಿ ಸಲೀಸಾಗಿ ಮುಗಿದಿದ್ದವು. ಇದೊಂದು ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನ ಹಾಗೆ ಒಳಗೂ ಹೋಗದೆ ಹೊರಗೂ ಬರದೆ ಉಳಿದಿತ್ತು.

"ನೇವಿಯೊ, ನಿಜ ಹೇಳಪ್ಪಾ," ಲೇಡಾಳ ದನಿ ಗೋಡೆಯ ಸ್ಪೀಕರ್ ಪೆಟ್ಟಿಗೆಯಿಂದ ಬಂತು. ಅರವತ್ತು ದಾಟಿದ ಹೆಂಗಸು, ಒಂದು ಕಾಲಕ್ಕೆ ನಾಟಕದವಳು, ಈಗ ಧ್ವನಿ ಕೂಡಿಸುವ ಈ ಕೋಣೆಯ ಯಜಮಾನಿ; ಎಲ್ಲರಿಗೂ ಸಿನ್ಯೋರಾ, ಅಂದರೆ ಅಮ್ಮಾವ್ರು. "ಅವತ್ತು ಶೂಟಿಂಗಲ್ಲಿ ಏನಂದೆ ನೀನು?"

"ಎಣಿಸಿದೆ ಸಿನ್ಯೋರಾ. ಹೇಗೂ ಆಮೇಲೆ ಮಾತು ಕೂಡಿಸ್ತೀವಲ್ಲಾ ಅಂತ ಒಂದರಿಂದ ಹತ್ತು, ಮತ್ತೆ ಒಂದರಿಂದ. ಆಗ್ಲೇ ಹೇಳಿದ್ನಲ್ಲಾ."

"ಮತ್ತೆ ತುಟಿ ಯಾಕೆ ಮುಚ್ಚತ್ತೆ?"

"ಚಳಿ ಇತ್ತು. ಎಂಜಲು ನುಂಗಿರಬೇಕು."

"ನಾಲ್ಕು ಸಲ ನುಂಗಿದ್ಯಾ? ಅಷ್ಟು ಬಾಯಾರಿಕೆ ಆಗಿತ್ತಾ?"

ನೇವಿಯೊ ಕೈಯಲ್ಲಿದ್ದ ಹಾಳೆಯನ್ನು ಸರಿಮಾಡಿಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕಿವಿ ಕೆಂಪಾಗುತ್ತದಂತೆ; ಕತ್ತಲಿದ್ದದ್ದು ಪುಣ್ಯ. ಗಾಜಿನ ಮೇಲಿದ್ದ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಆರಕ್ಕೆ ಈ ಪಾಳಿ ಮುಗಿಯುತ್ತದೆ, ಅಲ್ಲಿಗೆ ಅವನಿಗೆ ಕೊಟ್ಟ ಮೂರು ದಿನವೂ ಮುಗಿಯುತ್ತದೆ. ಅಷ್ಟರಲ್ಲಿ ಈ ಉಂಗುರ ಕೂಡದಿದ್ದರೆ ನಾಳೆಯಿಂದ ಇಡೀ ಪಾತ್ರಕ್ಕೆ, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ, ಒತ್ತೊರಿನೊ ಕಸಾದೆಯೇ ದನಿ ಕೊಡಬೇಕೆಂದು ನಿರ್ಮಾಪಕ ಕಡ್ಡಿ ಮುರಿದಂತೆ ಹೇಳಿದ್ದ. ಅಂದರೆ ಹಿಂದಿನ ಏಳು ಚಿತ್ರಗಳ ಹಾಗೆ.

ಆ ಒತ್ತೊರಿನೊ ಅದೇ ಕೋಣೆಯ ಹಿಂದಿನ ಮೂಲೆಯಲ್ಲಿದ್ದ. ಗುಂಡಗಿನ, ಬೋಳುತಲೆಯ ಮನುಷ್ಯ. ಸದ್ದಾಗಬಾರದೆಂದು ಬೂಟು ಕಳಚಿಟ್ಟು, ಬೂದು ಕಾಲುಚೀಲದ ಕಾಲನ್ನು ಕಾಲ ಮೇಲೆ ಹಾಕಿ, ಮೂಲೆಯ ಪುಟ್ಟ ದೀಪದಡಿ ಪತ್ರಿಕೆಯ ಪದಬಂಧ ತುಂಬುತ್ತಿದ್ದ. ಬೆಳಿಗ್ಗೆಯೇ ಬಂದು ಕೂತಿರಬೇಕೆಂದು ಲೇಡಾ ಹೇಳಿಕಳಿಸಿದ್ದಳು, ಬಂದಿದ್ದ. ಒಂದು ಮಾತೂ ಆಡಿರಲಿಲ್ಲ. ಅವನು ಹಾಗೆ ಸುಮ್ಮನಿರುವುದೇ ನೇವಿಯೊನ ಬೆನ್ನಿಗೆ ಚುಚ್ಚುತ್ತಿತ್ತು.

ಮಧ್ಯಾಹ್ನ ವಾಂಡಾ ಕುತ್ತಿಗೆಗೆ ನೇರಳೆ ಬಣ್ಣದ ವಸ್ತ್ರ ಸುತ್ತಿಕೊಂಡು ಬಂದಾಗಲೇ ಅವನ ಎದೆ ಧಸಕ್ಕೆಂದಿತ್ತು. ಇಲ್ಲಿ ನಾಟಕದವರಿಗೆ ನೇರಳೆ ಎಂದರೆ ಅಪಶಕುನ; ವೇದಿಕೆ ಹತ್ತುವವರ ಎದುರಿಗೆ ಆ ಬಣ್ಣ ತರುವವರುಂಟೇ? "ಅದನ್ನ ಚೀಲಕ್ಕೆ ಹಾಕೆ ಮಾರಾಯ್ತಿ, ಮೊದಲೇ ನಮ್ಮ ಗ್ರಹಚಾರ ಸರಿಯಿಲ್ಲ," ಎಂದು ಲೇಡಾ ಗದರಿದ್ದಳು. ವಾಂಡಾ ಚೀಲಕ್ಕೇನೋ ಹಾಕಿದಳು, ಆದರೆ ವಸ್ತ್ರದ ತುದಿ ಇನ್ನೂ ಹೊರಗೆ ಇಣುಕುತ್ತಿತ್ತು. ಕೆಡುಕು ತಟ್ಟದಿರಲೆಂದು ನೇವಿಯೊ ಮೈಕಿನ ಸ್ಟ್ಯಾಂಡಿನ ಕಬ್ಬಿಣದ ಕಾಲನ್ನು ಯಾರಿಗೂ ಕಾಣದಂತೆ ಆಗಾಗ ಮುಟ್ಟಿಕೊಳ್ಳುತ್ತಿದ್ದ.

"ಇನ್ನೊಂದು ಸಲ," ಎಂದಳು ಲೇಡಾ.

ಕಿಯೋಜಾದ ಮೀನುಗಾರರ ಕೇರಿಯ ಹುಡುಗ ನೇವಿಯೊ ಬಲ್ಲಾರಿನ್ ಹತ್ತೊಂಬತ್ತನೆಯ ವಯಸ್ಸಿಗೆ ಕಡಲತೀರದ ನೃತ್ಯಶಾಲೆಯಲ್ಲಿ ಹಾಡಿ ಗೆದ್ದ. ಇಪ್ಪತ್ತೊಂದಕ್ಕೆ ಅವನ ಡಿಸ್ಕು ಇಟಲಿಯ ಬಾರು ಬಾರುಗಳ ಹಾಡಿನ ಪೆಟ್ಟಿಗೆಯಲ್ಲಿ ತಿರುಗುತ್ತಿತ್ತು. ಹಾಡುವಾಗ ದೇವರು ಅವನಿಗೆ ಯಾವ ಊರಿನ ಗುರುತನ್ನೂ ಇಟ್ಟಿರಲಿಲ್ಲ. ಮಾತಿಗೆ ಬಾಯಿ ತೆರೆದರೆ ಮಾತ್ರ ಕಿಯೋಜಾದ ಮೀನುಕಟ್ಟೆಯೇ ಎದ್ದು ಬರುತ್ತಿತ್ತು. ಮೊದಲ ಸಿನಿಮಾದಲ್ಲಿ ಅವನಿಗೆ ಸೈನ್ಯ ಸೇರಿದ ಹಾಡುಗಾರ ಹುಡುಗನ ಪಾತ್ರ, ಏಳು ಹಾಡು, ಕರ್ನಲ್‌ನ ಮಗಳ ಜೊತೆ ಮದುವೆ. ನಿರ್ಮಾಪಕ ಅವನ ಮಾತನ್ನು ಎರಡು ನಿಮಿಷ ಕೇಳಿ, "ಹಾಡಲಿ, ಕುಣಿಯಲಿ, ಬಾಯಿ ಮಾತ್ರ ಬಿಡಬಾರದು," ಎಂದಿದ್ದ. ಹಾಗೆ ಒತ್ತೊರಿನೊ ಬಂದ.

ಅದೇನು ದನಿ ಅದು. ಬೆಚ್ಚಗೆ, ತುಸು ನಗೆ ಬೆರೆತು, ಎಲ್ಲೂ ಎಡವದ ದನಿ. ಇಡೀ ದೇಶದ ಹುಡುಗಿಯರು ನೇವಿಯೊ ಮಾತಾಡುವುದೇ ಹಾಗೆ ಎಂದುಕೊಂಡರು. ಪೆಸ್ಕಾರಾದಲ್ಲಿ ಒಮ್ಮೆ ಹುಡುಗಿಯೊಬ್ಬಳು ಹಸ್ತಾಕ್ಷರ ಹಾಕಿಸಿಕೊಂಡು, "ಏನಾದ್ರೂ ಮಾತಾಡಿ," ಎಂದಳು. ಇವನು ಮಾತಾಡಿದ. ಅವಳು ಗೆಳತಿಯ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಅವನು ಮಧ್ಯಾಹ್ನದ ಖಾಲಿ ಆಟಗಳಿಗೆ ಟೋಪಿ ಎಳೆದುಕೊಂಡು ಹೋಗಿ ಕೂತು ತನ್ನದೇ ಸಿನಿಮಾ ನೋಡಿ, ತನ್ನಂತೆ ಮಾತಾಡುವುದನ್ನು ಕಲಿತ. ಒಂದು ವರ್ಷ ಹಿಡಿಯಿತು. ಪತ್ರಕರ್ತರ ಮುಂದೆ, ಟೀವಿಯವರ ಮುಂದೆ, ಕೊನೆಗೆ ಹೋಟೆಲಿನ ಮಾಣಿಯ ಮುಂದೆಯೂ ಒತ್ತೊರಿನೊನಂತೆ ಮಾತಾಡತೊಡಗಿದ.

ಊರಿನಲ್ಲಿ ತಾಯಿ ಅಮಾಬಿಲೆಗೆ ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಚರ್ಚಿನ ಹಾಲ್‌ನಲ್ಲಿ ಮಗನ ಸಿನಿಮಾ ಬಂದಾಗ ಮಗಳು ಓರ್ಸೊಲಾ ಕೈಹಿಡಿದು ಕರೆದೊಯ್ಯುತ್ತಿದ್ದಳು. ಎರಡನೆಯ ಸಿನಿಮಾ ಆದಮೇಲೆ ತಾಯಿ ಹೇಳಿದ್ದನ್ನು ಓರ್ಸೊಲಾ ಹಾಗೆಯೇ ಕಾಗದದಲ್ಲಿ ಬರೆದಿದ್ದಳು: "ಹಾಡು ಬಂದಾಗ ನನ್ನ ಮಗ ಒಳಗ ಬರ್ತಾನ. ಮಾತು ಬಂದಾಗ ಎದ್ದು ಹೊರಗ ಹೋಗ್ತಾನ." ಮೂರನೆಯ ಸಿನಿಮಾಕ್ಕೆ ಅವಳು ಹೋಗಲಿಲ್ಲ.

ಈ ದೋಣಿಯವನ ಪಾತ್ರ ಸಿಕ್ಕಿದಾಗ ನೇವಿಯೊ ನಿರ್ದೇಶಕನಿಗೆ ಒಂದೇ ಶರತ್ತು ಹಾಕಿದ್ದ, ದನಿ ತನ್ನದೇ ಆಗಬೇಕು. ಇದರಲ್ಲಿ ಹಾಡೇ ಇರಲಿಲ್ಲ. ಮಾತೂ ತನ್ನದಲ್ಲದಿದ್ದರೆ ತಾಯಿಯ ಪಾಲಿಗೆ ಅವನು ಇಡೀ ಸಿನಿಮಾದಲ್ಲಿ ಇರುವುದೇ ಇಲ್ಲ. ನಿರ್ದೇಶಕ ಒಪ್ಪಿದ. ನಿರ್ಮಾಪಕ ಮೂರು ದಿನದ ಪರೀಕ್ಷೆ ಇಟ್ಟ.

"ನಿಲ್ಸಿ," ಎಂದಳು ಲೇಡಾ. ದೀಪ ಹತ್ತಿತು. "ಹತ್ತು ನಿಮಿಷ ಬಿಡುವು. ಹೋಗಿ ಗಾಳಿ ಕುಡ್ಕೊಂಡು ಬಾ. ಬೇಜಾರ್ ಮಾಡ್ಕೋಬೇಡಪ್ಪಾ, ನೀನು ಹೇಳಿದ ಎಣಿಕೆ ಹಿಡಿದು ತುಟಿಗೆ ಹೊಂದೋ ಮಾತು ಬರೆಯೋನು ಮೂರು ಸಲ ಬರೆದು ಕೊಟ್ಟಿದಾನೆ. ಅವನೂ ಮನುಷ್ಯನೇ. ಆರರೊಳಗೆ ಮುಗಿಯದಿದ್ರೆ ನಾಳೆ ಒತ್ತೊರಿನೊನ ನಿಲ್ಲಿಸ್ತೀನಿ. ನನ್ನ ಕೈಲಿ ಏನೂ ಇಲ್ಲ."

ನೇವಿಯೊ ಹೊರಗಿನ ಮೊಗಸಾಲೆಗೆ ಬಂದು ಕಿಟಕಿ ತೆರೆದ. ಕೆಳಗೆ ರೋಮಿನ ನವೆಂಬರ್ ಸಂಜೆಬಿಸಿಲು. ಯಾರೋ ಸ್ಕೂಟರಿನ ಮೇಲೆ ಕೂತೇ ಜಗಳವಾಡುತ್ತಿದ್ದರು. ಸಿಗರೇಟು ಹಚ್ಚಲು ಹೋದರೆ ಗಾಳಿಗೆ ಕಡ್ಡಿ ಆರಿತು. ನಿಜ ಹೇಳಿಬಿಟ್ಟರೆ ಈ ಕ್ಷಣದಲ್ಲಿ ಎಲ್ಲ ಸಲೀಸು. ಆದರೆ ಆ ನಿಜವನ್ನು ಬಾಯಿಂದ ಹೊರಗೆ ತರುವುದು ಅವನಿಂದಾಗುತ್ತಿರಲಿಲ್ಲ.

ಬೂಟಿಲ್ಲದ ಹೆಜ್ಜೆ ಕೇಳಿಸಲಿಲ್ಲ. ಪಕ್ಕದಲ್ಲಿ ಕಡ್ಡಿ ಗೀರಿದ ಸದ್ದಾಯಿತು. ಒತ್ತೊರಿನೊ ಅವನ ಸಿಗರೇಟಿಗೆ ಬೆಂಕಿ ಹಿಡಿದು ತನ್ನದನ್ನೂ ಹಚ್ಚಿಕೊಂಡ. ಏಳು ಚಿತ್ರಗಳಲ್ಲಿ ತನ್ನ ಬಾಯಲ್ಲಿ ಕೂತಿದ್ದ ಮನುಷ್ಯನನ್ನು ನೇವಿಯೊ ಇಷ್ಟು ಹತ್ತಿರದಿಂದ ನೋಡಿದ್ದು ಇದು ಮೂರನೆಯ ಸಲವಿರಬೇಕು.

"ಉನೊ, ದುಎ, ತ್ರೆ, ಕ್ವಾತ್ರೊ," ಒತ್ತೊರಿನೊ ನಿಧಾನಕ್ಕೆ ಎಣಿಸುತ್ತ ಹತ್ತರವರೆಗೆ ಹೋದ. ಕೊಳಕು ಮೊಗಸಾಲೆಯಲ್ಲಿ ಆ ದನಿ ಕೇಳಿ ಮೆಟ್ಟಿಲು ಒರೆಸುತ್ತಿದ್ದ ಹೆಂಗಸು ತಲೆಯೆತ್ತಿ ನೇವಿಯೊನನ್ನು ನೋಡಿ ನಕ್ಕಳು. "ನೋಡಿದ್ಯಾ? ನಮ್ಮ ಭಾಷೇಲಿ ಒಂದರಿಂದ ಹತ್ತು ಎಣಿಸಿದ್ರೆ ತುಟಿಗೆ ತುಟಿ ಎಲ್ಲೂ ತಾಗೋದಿಲ್ಲ. ಲೇಡಾಗೂ ಇದು ಗೊತ್ತು. ನೀನಾಗೇ ಹೇಳ್ಲಿ ಅಂತ ಸುಮ್ನಿದಾಳೆ."

ನೇವಿಯೊ ಹೊಗೆ ಬಿಟ್ಟ.

"ಎಂಟು ವರ್ಷ ನಿನ್ನ ತುಟಿ ನೋಡ್ಕೊಂಡೇ ಹೊಟ್ಟೆ ಹೊರ್ಕೊಂಡೋನು ನಾನು. ನನ್ನ ಹೆಂಡ್ತಿ ಮುಖಾನೂ ಅಷ್ಟು ನೋಡಿಲ್ಲ. ನಿನ್ನ ಎಡಗಡೆ ಹಲ್ಲು ನೋಯ್ತಿದ್ರೆ ನಂಗೆ ಗೊತ್ತಾಗತ್ತೆ. ಇವತ್ತು ಬೆಳಿಗ್ಗೆ ಮೊದಲನೇ ಸುತ್ತಲ್ಲೇ ಗೊತ್ತಾಯ್ತು ನೀನು ಏನಂದೆ ಅಂತ. ನಿಮ್ಮೂರ ಮಾತು ನಂಗೆ ಬರಲ್ಲ, ಆದ್ರೂ ಬಾಯಿ ಬಾಯೇ."

ಹೀಗೆ ಹೇಳಿ ಅವನು ಸಿಗರೇಟು ಕೈಗೆ ತೆಗೆದುಕೊಂಡ. ಮುಖವನ್ನು ನೇವಿಯೊನ ಕಡೆ ತಿರುಗಿಸಿ, ಒಂದು ಚೂರೂ ದನಿಯಿಲ್ಲದೆ, ಬರಿದೇ ತುಟಿಯಲ್ಲಿ ಆ ಮಾತನ್ನು ಆಡಿ ತೋರಿಸಿದ. ನಾಲ್ಕು ಸಲ ತುಟಿ ಮುಚ್ಚಿ ತೆರೆಯಿತು. ನೇವಿಯೊ ಒಂದು ಹೆಜ್ಜೆ ಹಿಂದೆ ಸರಿದ. ಯಾರಿಗೂ ಕೇಳಿಸಿಲ್ಲ ಎಂದುಕೊಂಡಿದ್ದ ಮಾತು ಇನ್ನೊಬ್ಬನ ಮುಖದ ಮೇಲೆ ಪೂರ್ತಿಯಾಗಿ ಎದ್ದು ನಿಂತಿತ್ತು.

ಇಲ್ಲಿನ ಸಿನಿಮಾದಲ್ಲಿ ಚಿತ್ರೀಕರಣದ ಹೊತ್ತಿನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಈ ಚಿತ್ರದ ತಾಯಿ ಬೆಲ್‌ಗ್ರೇಡಿನವಳು, ತನ್ನ ಭಾಷೆಯಲ್ಲೇ ಆಡಿದಳು. ತಮ್ಮನ ಪಾತ್ರದವನು ಪೋ ದಡದ ಹಳ್ಳಿಯ ಕಟುಕ, ಮಾತು ನೆನಪಿರದೆ ಕ್ಯಾಲೆಂಡರಿನ ಸಂತರ ಹೆಸರನ್ನೆಲ್ಲ ಹೇಳಿದ. ಕಿಟಕಿಯ ದೃಶ್ಯದ ದಿನ ಮನೆಯ ಹಿಂದೆಯೇ ಜನರೇಟರ್ ಹಚ್ಚಿದ್ದರು. ಆ ಆರ್ಭಟಕ್ಕೆ, ಆಮೇಲೆ ಮಾತು ಕೂಡಿಸುವಾಗ ಗುರುತಿಗಿರಲೆಂದು ಹಿಡಿಯುವ ಧ್ವನಿಯೂ ದಕ್ಕಲಿಲ್ಲ. "ಎಣಿಸು, ಜಪ ಮಾಡು, ಏನಾದ್ರೂ ಹೇಳು, ಬಾಯಿ ಮಾತ್ರ ನಿಲ್ಲಿಸಬೇಡ," ಎಂದಿದ್ದ ನಿರ್ದೇಶಕ. ನೇವಿಯೊ ತಣ್ಣನೆಯ ಗಾಜಿಗೆ ಹಣೆಯಿಟ್ಟ. ಆ ಗದ್ದಲದಲ್ಲಿ ದೇವರಿಗೂ ಕೇಳಿಸದು ಎಂಬ ಧೈರ್ಯದ ಮೇಲೆ, ಮೂರು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಹೇಳಿಬಿಟ್ಟಿದ್ದ. ಕಿವಿಗಳನ್ನಷ್ಟೇ ನೆನೆದಿದ್ದ, ಎದುರಿಗೆ ಕ್ಯಾಮೆರಾ ಇದ್ದದ್ದು ಮರೆತೇಹೋಗಿತ್ತು.

"ಯಾವ ಫೋನು ಅದು?" ಒತ್ತೊರಿನೊ ಮೆಲ್ಲಗೆ ಕೇಳಿದ.

ನೇವಿಯೊ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ. ಮೂರು ವರ್ಷದ ಹಿಂದೆ, ಕ್ರಿಸ್‌ಮಸ್‌ನ ಹಿಂದಿನ ದಿನ. ಹಬ್ಬಕ್ಕೆ ಬರಲಾಗುವುದಿಲ್ಲ, ನಾಲ್ಕು ಗಂಟೆಗೆ ಮನೆಯೆದುರಿನ ಬೆಪಿಯ ಕಾಫಿ ಬಾರಿಗೆ ಫೋನ್ ಮಾಡುತ್ತೇನೆ, ಅಮ್ಮ ಅಲ್ಲಿರಲಿ ಎಂದು ಓರ್ಸೊಲಾಗೆ ಕಾರ್ಡು ಬರೆದಿದ್ದ. ತಾಯಿ ಎರಡಕ್ಕೇ ಹೋಗಿ ಕೂತಿದ್ದಳು. ಇವನು ಟೀವಿ ಕೇಂದ್ರದ ಮೊಗಸಾಲೆಯಿಂದ ಫೋನ್ ಹಚ್ಚಿದ. ಒಂದು ಕಡೆ ನಿರ್ಮಾಪಕ, ಇನ್ನೊಂದು ಕಡೆ ಒಬ್ಬ ಪತ್ರಕರ್ತ, ಸುತ್ತ ಹಸ್ತಾಕ್ಷರದ ಹುಡುಗಿಯರು. ಬಾಯಿ ತಾನಾಗಿಯೇ ರೂಢಿಯ ದನಿಗೆ ಹೋಯಿತು. "ನಾನು. ಹೇಗಿದೀರಿ? ಚೆನ್ನಾಗಿದೀರಾ?" ಎಂದ.

ಆ ಕಡೆಯಿಂದ ತಾಯಿಯ ದನಿ, ಪರಸ್ಥಳದವರ ಜೊತೆ ಆಡುವ ವಿನಯದಲ್ಲಿ: "ಯಾರ್ರೀ ನೀವು? ಸ್ವಲ್ಪ ಲೈನ್ ಬಿಡ್ರಿ ಸಾಹೇಬ್ರ. ನನ್ನ ಮಗ ಫೋನ್ ಮಾಡಾಂವ ಇದಾನ."

"ಆಮೇಲೆ?" ಎಂದ ಒತ್ತೊರಿನೊ.

"'ಕ್ಷಮಿಸಿ ಸಿನ್ಯೋರಾ' ಅಂತ ಹೇಳಿ ಇಟ್ಟುಬಿಟ್ಟೆ. ಜನ ಎಲ್ಲಾ ನನ್ನೇ ನೋಡ್ತಿದ್ರು. ಅವ್ರ ಮುಂದೆ ಮೀನುಕಟ್ಟೆ ಮಾತಲ್ಲಿ ಯಮ್ಮಾ ಅಂತ ಕೂಗೋಕೆ ನಾಚಿಕೆ ಆಯ್ತು. ಅರ್ಧ ಗಂಟೆ ಬಿಟ್ಟು ಮಾಡೋಣ ಅಂದ್ಕೊಂಡೆ. ಆಮೇಲೆ ಅದಕ್ಕೂ ನಾಚಿಕೆ ಆಯ್ತು. ಅವಳು ಬೆಪಿ ಬಾಗಿಲು ಹಾಕೋವರೆಗೂ ಕಾಫಿ ಯಂತ್ರದ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿದ್ಲಂತೆ. ಲೈನ್ ಸಿಗ್ಲಿಲ್ಲ ಅಂತ ಬರೆದೆ ನಾನು. ಅವಳು ನಂಬಿದಾಳೆ."

"ಯಾರ ದನೀಲಿ ಮಾತಾಡಿದ್ದೆ ಅವತ್ತು?"

"ನಿಮ್ದು."

ಒತ್ತೊರಿನೊ ಬೂದಿ ಕೊಡವಿದ. ಅವನಿಗೆ ನೋವಾಯಿತೋ ನಗು ಬಂತೋ, ಮುಖದ ಮೇಲೆ ಎರಡೂ ಒಟ್ಟಿಗೆ ಸುಳಿದವು. "ಚೆನ್ನಾಗಿ ಮಾಡಿದ್ಯಾ?"

"ಹೆತ್ತವಳಿಗೇ ಗೊತ್ತಾಗ್ಲಿಲ್ಲ. ಇನ್ನೆಷ್ಟು ಚೆನ್ನಾಗಿ ಮಾಡ್ಬೇಕು?"

ಮೆಟ್ಟಿಲಿನ ಹೆಂಗಸು ಬಕೆಟ್ ಎತ್ತಿಕೊಂಡು ಕೆಳಗಿಳಿದು ಹೋದಳು. ಅವಳು ಮರೆಯಾಗುವವರೆಗೆ ಕಾದು ಒತ್ತೊರಿನೊ ಹೇಳಿದ:

"ನೋಡು ನೇವಿಯೊ. ನನಗೇನೂ ನಷ್ಟ ಇಲ್ಲ ಅಂತ ದೊಡ್ಡ ಮಾತು ಆಡೋದಿಲ್ಲ. ಈ ಚಳಿಗಾಲ ಪೂರ್ತಿ ನಿನ್ನ ಬಾಯನ್ನೇ ನಂಬ್ಕೊಂಡಿದ್ದೆ. ಆರು ಗಂಟೆ ಆಗ್ಲಿ ಅಂತಾನೇ ಮೂಲೇಲಿ ಕೂತಿದ್ದೆ. ಆದ್ರೆ ಬೆಳಿಗ್ಗೆಯಿಂದ ಮನಸ್ಸಲ್ಲೇ ಇದನ್ನ ಹೇಳಿ ನೋಡಿದೆ. ಹತ್ತು ರೀತಿ ಹೇಳಿ ನೋಡಿದೆ. ಮೂವತ್ತು ವರ್ಷದಲ್ಲಿ ನಂಗೆ ಬರದೇ ಇದ್ದ ಮಾತು ಇದೊಂದೇ. ನಾನು ಹೇಳಿದ್ರೆ ಆ ಮುದುಕಿಗೆ ಇನ್ನೊಂದ್ಸಲ ರಾಂಗ್ ನಂಬರ್ ಆಗತ್ತೆ ಅಷ್ಟೇ."

"ಇಡೀ ಊರು ಕೇಳತ್ತೆ," ಎಂದ ನೇವಿಯೊ. "ಚರ್ಚಿನ ಹಾಲ್‌ನಲ್ಲಿ ಎಲ್ಲರ ನಡುವೆ ಕೂತು ಅವಳಿಗೆ ಗೊತ್ತಾಗ್ಬೇಕು, ಮಗ ಅವತ್ತು ಏನು ಮಾಡ್ದ ಅಂತ. ಹೇಗೆ ತಡ್ಕೋತಾಳೆ ಅವಳು?"

"ಹಾಗಿದ್ರೆ ನಾಳೆ ನಾನು ಬರ್ತೀನಿ. ಬೇರೆ ಮಾತು ಬರೆಸಿ, ಬಾಯಿ ಕಾಣದ ಹಾಗೆ ಕತ್ತರಿಸಿ, ಹೇಗೋ ಮುಗಿಸ್ತೀನಿ. ಅದು ನಂಗೆ ಕಷ್ಟ ಅಲ್ಲ. ನೀನು ಹೇಳಿದ ಹಾಗೆ." ಸಿಗರೇಟಿನ ತುದಿಯನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಆರಿಸಿ, ಬಂದ ಹಾಗೆಯೇ ಸದ್ದಿಲ್ಲದೆ ಒಳಗೆ ಹೋದ.

ನೇವಿಯೊ ಒಳಗೆ ಬಂದಾಗ ಐದು ಗಂಟೆ. ಹಾಳೆಯನ್ನು ಮಡಚಿ ವಾಂಡಾಳ ಕೈಗೆ ಕೊಟ್ಟ.

"ಸಿನ್ಯೋರಾ, ನಾನು ಎಣಿಸಿರಲಿಲ್ಲ."

"ಗೊತ್ತಪ್ಪಾ," ಎಂದಿತು ಗೋಡೆಯ ಪೆಟ್ಟಿಗೆ.

"ಏನು ಹೇಳಿದ್ನೋ ಅದನ್ನೇ ಹೇಳ್ತೀನಿ. ನಮ್ಮೂರ ಮಾತಲ್ಲಿ."

"ಹೇಳು. ದೀಪ ಆರಿಸಿ."

ಮೊದಲ ಸಲ ದನಿಯೇ ಹೊರಡಲಿಲ್ಲ. ಉಂಗುರ ಸುಮ್ಮನೆ ಒಂದು ಸುತ್ತು ತಿರುಗಿತು. ಎರಡನೆಯ ಸಲ ಬಾಯಿ ತೆರೆದರೆ ಬಂದದ್ದು ಅದೇ ಬೆಚ್ಚಗಿನ, ನಗೆ ಬೆರೆತ ದನಿ. ಊರ ಮಾತಿನ ಮೇಲೂ ಅದೇ ಹಾಳು ರೂಢಿ ಹತ್ತಿ ಕೂತಿತ್ತು. ಅವನಿಗೆ ಅಳು ಬರುವಂತಾಯಿತು. ತನ್ನ ದನಿ ಎಲ್ಲಿದೆ ಎಂಬುದೇ ಮರೆತುಹೋಗಿದ್ದರೆ? ಇವರೆಲ್ಲ ಜಗಳವಾಡುತ್ತಿದ್ದುದು ಇಲ್ಲದ ವಸ್ತುವಿಗಾಗಿದ್ದರೆ?

"ಇನ್ನೊಂದು ಸಲ," ಎಂದಳು ಲೇಡಾ. ಬಯ್ಯಲಿಲ್ಲ.

ಐದೂವರೆ ಆಯಿತು. ಐದೂ ಮುಕ್ಕಾಲು ಆಯಿತು. ಶರ್ಟು ಬೆನ್ನಿಗಂಟಿತ್ತು. ವಾಂಡಾ ಪೆನ್ಸಿಲ್ ಕೆಳಗಿಟ್ಟಿದ್ದಳು. ಹಿಂದಿನ ಮೂಲೆಯಲ್ಲಿ ಪತ್ರಿಕೆ ಮಡಚಿದ ಸದ್ದು ಕೇಳಿಸಿತು, ಒತ್ತೊರಿನೊ ಹೊರಡಲು ಬೂಟು ಹಾಕಿಕೊಳ್ಳುತ್ತಿರಬೇಕು, ನಾಳೆ ತನ್ನ ಸರದಿಯೆಂದು. ಪರದೆಯ ಮೇಲೆ ಮತ್ತೆ ಕಿಟಕಿ ಬಂತು. ನೇವಿಯೊ ಈ ಸಲ ಮೈಕನ್ನು ನೋಡಲಿಲ್ಲ, ಪರದೆಯನ್ನೂ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡ. ಕಾಫಿ ಯಂತ್ರದ ಪಕ್ಕದ ಕುರ್ಚಿ ಕಂಡಿತು. ಮಡಿಲಲ್ಲಿ ಕೈಯಿಟ್ಟುಕೊಂಡು, ಎಲ್ಲೂ ನೋಡದ ಕಣ್ಣಿನಿಂದ ಫೋನಿನ ಕಡೆಗೇ ಮುಖ ಮಾಡಿ ಕೂತವಳು ಕಂಡಳು.

"ಯಮ್ಮಾ. ಅವತ್ತ ಫೋನ್ ಮಾಡಿದಾಂವ ನಾನ ಇದ್ದೆ. ಬ್ಯಾರೆ ಯಾರೂ ಅಲ್ಲ. ನಿನ್ನ ಮಗನ ಇದ್ದೆ."

ಒರಟಾಗಿ, ಕೊನೆಗೆ ಒಡೆದು ಬಂದ ದನಿ. ಕಣ್ಣು ತೆರೆದಾಗ ಪರದೆಯ ಗಂಡಸೂ ಬಾಯಿ ಮುಚ್ಚಿ ನಿಂತಿದ್ದ. ಉಂಗುರ ಮತ್ತೆ ಮೊದಲಿಗೆ ಬಂದು ತಿರುಗತೊಡಗಿತು. ಯಾರೂ ಅದನ್ನು ನಿಲ್ಲಿಸಲಿಲ್ಲ. ವಾಂಡಾ ಅವನ ಕಡೆ ತಿರುಗಿ ನೋಡದೆ ತನ್ನ ಚೀಟಿಯ ಮೇಲೆ ಒಂದು ಗೀಟು ಎಳೆದಳು.

"ಆಯ್ತು," ಎಂದಳು ಲೇಡಾ. ಇಡೀ ದಿನದಲ್ಲಿ ಆ ಶಬ್ದ ಅವಳ ಬಾಯಿಂದ ಬಂದಿರಲಿಲ್ಲ. ದೀಪ ಹಚ್ಚಿಸಿ ಹೇಳಿದಳು, "ಜೈಲಿಂದ ಫೋನ್ ಮಾಡಿದ್ದ ಅಂದ್ಕೋತಾರೆ ಜನ. ಇರ್ಲಿ. ಎಲ್ಲಾ ಮನೆಗೆ ಹೋಗಿ."

ಹೊರಗೆ ಕೋಟು ಹಾಕಿಕೊಳ್ಳುವಾಗ ಒತ್ತೊರಿನೊ ಪಕ್ಕಕ್ಕೆ ಬಂದು ನಿಂತ. ಬೂಟಿನ ದಾರ ಇನ್ನೂ ಕಟ್ಟಿರಲಿಲ್ಲ. ಜೇಬಿನಿಂದ ಸಾರ್ವಜನಿಕ ಫೋನಿಗೆ ನಾಣ್ಯದ ಬದಲು ಹಾಕುವ ಬಿಲ್ಲೆಗಳನ್ನು ಮುಷ್ಟಿ ತುಂಬ ತೆಗೆದು ನೇವಿಯೊನ ಅಂಗೈಗೆ ಸುರಿದ. ನಾಳೆ ಯಾವ ಕೋಣೆಯಲ್ಲಿ ಕೆಲಸವಿದೆ ಎಂದು ದಿನಾ ವಿಚಾರಿಸುತ್ತ ಬದುಕುವವರ ಜೇಬಿನಲ್ಲಿ ಅವು ಯಾವಾಗಲೂ ಇರುತ್ತವೆ.

"ಸಿನಿಮಾ ಬರೋಕೆ ಇನ್ನೂ ಆರು ತಿಂಗಳಿದೆ," ಎಂದ. "ಚರ್ಚಿನ ಹಾಲ್‌ನಲ್ಲಿ ಯಾಕೆ ಗೊತ್ತಾಗ್ಬೇಕು ಅವಳ್ಗೆ? ದೂರದ ಕರೆ, ಬಿಲ್ಲೆ ಬೇಗ ನುಂಗತ್ತೆ. ಸುತ್ತಿ ಬಳಸಿ ಮಾತಾಡ್ಬೇಡ."

ಬೀದಿಯಲ್ಲಿ ದೀಪ ಹತ್ತಿತ್ತು. ಮೂಲೆಯ ಬಾರಿನಲ್ಲಿ ನಾಲ್ಕಾರು ಜನ ನಿಂತು ಕಾಫಿ ಕುಡಿಯುತ್ತಿದ್ದರು. ಅವನ ಗುರುತು ಹಿಡಿದು ಇಬ್ಬರು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಫೋನು ಅವರ ಪಕ್ಕದ ಗೋಡೆಯಲ್ಲೇ ಇತ್ತು, ಮರೆಯಿಲ್ಲ, ಬಾಗಿಲಿಲ್ಲ. ನೇವಿಯೊ ಬಿಲ್ಲೆಗಳನ್ನು ಹಾಕಿ ನಂಬರು ತಿರುಗಿಸಿದ.

"ಬೆಪಿ ಕಾಕಾ, ನಾ ನೇವಿಯೊ ಮಾತಾಡಾಕತ್ತೀನಿ. ನಮ್ಮ ಯಮ್ಮನ್ನ ಸ್ವಲ್ಪ ಕರಸ್ರಿ."

"ಯಾವ ನೇವಿಯೊ?" ಆ ಕಡೆಯಿಂದ ಬೆಪಿಯ ದನಿ. "ಸಿನಿಮಾದಾಂವ ಹಿಂಗ ಮಾತಾಡಂಗಿಲ್ಲ ಬಿಡು. ಅಂವ ಭಾಳ ಸವಿ ಮಾತಾಡ್ತಾನ."

"ನಾನ ಇದ್ದೀನಿ ಕಾಕಾ. ಕರಸ್ರಿ."

ಬೆಪಿ ಕೈಯಲ್ಲಿದ್ದ ಲೋಟ ಕೆಳಗಿಟ್ಟ ಸದ್ದಾಯಿತು. "ತಡಿಯಪಾ," ಎಂದ. ಈ ಸಲ ದನಿ ಬೇರೆಯಾಗಿತ್ತು.

ಕಾಯುವಾಗ ಬಿಲ್ಲೆಗಳು ಒಂದೊಂದಾಗಿ ಒಳಗೆ ಬಿದ್ದವು. ತಾಯಿಯ ಮನೆ ಬೆಪಿಯ ಬಾರಿಗೆ ಎದುರೇ, ನಡುವೆ ಕಾಲುವೆಯ ಮೇಲೊಂದು ಸೇತುವೆ. ಆದರೆ ಅವಳು ಒಂದೊಂದೇ ಮೆಟ್ಟಿಲು ಮುಟ್ಟಿ ನೋಡಿ ಇಳಿಯಬೇಕು. ಮುಷ್ಟಿಯಲ್ಲಿದ್ದವು ಕರಗುತ್ತ ಬಂದವು. ನೇವಿಯೊ ಇನ್ನೊಂದು ಹಾಕಿದ, ಮತ್ತೊಂದು ಹಾಕಿದ. ಅವಳು ಬರುವ ಮೊದಲೇ ಮುಗಿದುಹೋದರೆ ಎಂದು ಉಳಿದವನ್ನು ಬೆರಳಿನಿಂದಲೇ ಎಣಿಸಿಕೊಂಡ. ಕೊನೆಗೆ ಕುರ್ಚಿ ಎಳೆದ ಸದ್ದು, ಮರದ ಚಪ್ಪಲಿಯ ಸದ್ದು, ಏದುಸಿರು.

"ಯಾರು?"

ಕಾಫಿ ಕುಡಿಯುತ್ತಿದ್ದವರು ಇವನನ್ನೇ ನೋಡುತ್ತಿದ್ದರು. ನೇವಿಯೊ ಅವರ ಕಡೆ ಬೆನ್ನು ತಿರುಗಿಸಲಿಲ್ಲ, ದನಿ ತಗ್ಗಿಸಲೂ ಇಲ್ಲ.

"ಯಮ್ಮಾ. ಅವತ್ತ ಫೋನ್ ಮಾಡಿದಾಂವ ನಾನ ಇದ್ದೆ. ಕ್ರಿಸ್‌ಮಸ್ ಮುಂದ. ನೀ ಲೈನ್ ಬಿಡ್ರಿ ಅಂದ್ಯಲಾ, ಅಂವ ಬ್ಯಾರೆ ಯಾರೂ ಅಲ್ಲ. ನಿನ್ನ ಮಗನ ಇದ್ದೆ."

ಕಾಫಿ ಯಂತ್ರ ಬುಸುಗುಡುವುದು ಮಾತ್ರ ಕೇಳುತ್ತಿತ್ತು. ಇಲ್ಲಿಯದೋ ಅಲ್ಲಿಯದೋ ಗೊತ್ತಾಗಲಿಲ್ಲ. ಅವಳು ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡ. ಇಟ್ಟರೂ ತಪ್ಪಲ್ಲ ಎಂದುಕೊಂಡ. ಫೋನಿನೊಳಗೆ ಬಿಲ್ಲೆಯೊಂದು ಟಣ್ ಎಂದು ಬಿತ್ತು, ಮುಗಿಯುತ್ತ ಬಂದದ್ದಕ್ಕೆ ಗುರುತಾಗಿ ಸಣ್ಣ ಗಂಟೆ ಬಡಿಯತೊಡಗಿತು.

"ಇನ್ನೊಮ್ಮೆ ಹೇಳು," ಎಂದಳು ತಾಯಿ.

ನೇವಿಯೊ ಅಂಗೈಯಲ್ಲಿ ಉಳಿದಿದ್ದ ಕೊನೆಯ ಬಿಲ್ಲೆಯನ್ನು ಸೀಳಿನೊಳಗೆ ಹಾಕಿದ.